ನೌಕರಿ ಇಲ್ಲದ ಅಣ್ಣ ಕೊಟ್ಟ ನೌಕರಿ

ನಾನು ಮಾಡಬೇಕಾದ ಕೆಲಸ ಒಂದೇ ಇತ್ತು. ಒಂದು ಮುಂಜಾನೆ ನಮ್ಮಣ್ಣನ ಮುಂದೆ ನಿಂತು "ಐತಿ" ಅನ್ನಬೇಕಿತ್ತು. ಎರಡೇ ಅಕ್ಷರ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳ ಬಾಯಿಗೂ ಭಾರವಾಗುವ ಮಾತಲ್ಲ. ನಾನು "ಇಲ್ಲ" ಅಂದೆ. ಅದರಿಂದ ನಮ್ಮ ಮನೆಯಲ್ಲಿ ಒಂದು ಕೂಸು ಹೋಯಿತು. ಉಳಿದವರಲ್ಲಿ ಬಹಳ ಕಳೆದುಕೊಂಡವನು ಅಣ್ಣ. ಇಪ್ಪತ್ತು ವರ್ಷ ನಮ್ಮ ಮನೆಯವರು ಅವನ ಕೈಗೆ ಯಾರ ಕೂಸನ್ನೂ ಕೊಡಲಿಲ್ಲ.

ಅವನು ಎಂಥ ಮನುಷ್ಯ ಅಂತ ಹೇಳಿದರೆ ನೀವು ನಗುತ್ತೀರಿ. ನಗ್ರಿ. ಅವನ ಕಥೆಯನ್ನು ಅಳುತ್ತಾ ಕೇಳಿದರೆ ಅವನಿಗೇ ಸೇರುವುದಿಲ್ಲ. ನಮ್ಮಣ್ಣನಿಗೆ ಸ್ವಂತಕ್ಕೆ ನೌಕರಿ ಇರಲಿಲ್ಲ. ಆದರೆ ಹತ್ತೊಂಬತ್ತು ವರ್ಷಕ್ಕೇ ಏಳು ಮಂದಿಗೆ ನೌಕರಿ ಕೊಟ್ಟಿದ್ದ! ಹುಬ್ಬಳ್ಳಿಯಲ್ಲಿ ಯಾವ ಸಾಹುಕಾರನಿಗೆ ಅಷ್ಟು ವಯಸ್ಸಿಗೆ ಅಷ್ಟು ಆಳು ಇದ್ದರು, ಹೇಳ್ರಿ?

ಆ ವರ್ಷ ಊರಿಗೆ ಪ್ಲೇಗು ಬಂದಿತ್ತು. ಸಾಲಿ ಮುಚ್ಚಿದರು. ನಮ್ಮಪ್ಪನಿಗೂ ಕಾಕಾನಿಗೂ ಕೂಡಿ ಒಂದು ಕಾಳಿನ ಅಂಗಡಿ, ಒಂದೇ ಮನೆ, ಒಂದೇ ಒಲೆ. ಅಣ್ಣನನ್ನು ಬಿಟ್ಟರೆ ಅವ್ವನ ಮಕ್ಕಳು ನಾನು, ನನ್ನ ಇಬ್ಬರು ತಮ್ಮಂದಿರು. ಕಾಕಾನ ಹೆಂಡತಿ ಚಿಗವ್ವನಿಗೆ ನಾಲ್ವರು. ಈ ಏಳರಲ್ಲಿ ನಾನು ಎಲ್ಲರಿಗಿಂತ ದೊಡ್ಡವಳು, ಹತ್ತು ವರ್ಷ; ಚಿಗವ್ವನ ನೀಲಿ ಎಲ್ಲರಿಗಿಂತ ಸಣ್ಣಾಕಿ, ನಾಲ್ಕು. ಏಳು ಮಂದಿಯಲ್ಲಿ ಒಬ್ಬರೂ ಹೊಸ್ತಿಲು ದಾಟಕೂಡದು ಅಂತ ಅಪ್ಪನ ಹುಕುಂ ಆಯಿತು. ಹುಕುಂ ಕೊಟ್ಟು ಅಪ್ಪ ಅಂಗಡಿಗೆ ಹೋದ. ಏಳು ಮಂದಿಯನ್ನು ಹಗಲೆಲ್ಲ ಮನೆಯೊಳಗೆ ಹಿಡಿದಿಡುವುದು ಹೆಂಗೆ ಅನ್ನುವುದನ್ನು ಹೇಳಲಿಲ್ಲ. ಮೊದಲ ಎರಡು ದಿನಕ್ಕೇ ಅವ್ವ ಮತ್ತು ಚಿಗವ್ವ ಇಬ್ಬರ ಗಂಟಲೂ ಬಿದ್ದುಹೋಯಿತು.

ಮೂರನೆಯ ದಿನ ಅಣ್ಣ ಎದ್ದ. ಅವನದೊಂದು ಸಿದ್ಧಾಂತ ಇತ್ತು. ಕೂಸು ಅಳುವುದು ಹಸಿವಿಗಲ್ಲ, ಕೆಲಸ ಇಲ್ಲದ್ದಕ್ಕೆ. ಅವನಿಗೂ ಕೆಲಸ ಇರಲಿಲ್ಲ, ಅವನು ಯಾಕೆ ಅಳುವುದಿಲ್ಲ ಅಂತ ಅಪ್ಪ ಕೇಳಿದ. "ನಾ ದೊಡ್ಡಾಂವಾಗೇನಲ್ಲಪಾ, ನನ್ನ ಪಾಲಿನದು ನೀವ ಅಳತೀರಿ" ಅಂದ. ಅಪ್ಪ ಎರಡು ದಿನ ಮಾತು ಬಿಟ್ಟ.

ಹೀಗೆ ನೌಕರಿ ಹಂಚಿಕೆ ಆಯಿತು. ನನ್ನ ದೊಡ್ಡ ತಮ್ಮ ಮತ್ತು ಚಿಗವ್ವನ ದೊಡ್ಡ ಮಗ ಒಂದೇ ವಾರಿಗೆಯವರು, ಒಂದು ಕಡೆ ಕೂತರೆ ಬಡಿದಾಟ. ಒಬ್ಬನನ್ನು ರೈಲಿನ ಡ್ರೈವರ್ ಮಾಡಿದ, ಇನ್ನೊಬ್ಬನನ್ನು ಸ್ಟೇಷನ್ ಮಾಸ್ತರ ಮಾಡಿ ಪಡಸಾಲೆಯಲ್ಲಿ ಕೂಡಿಸಿದ. ಸರ್ಕಾರಿ ಕೆಲಸದ ಮೇಲೆ ಇರುವಾಗ ಹೊಡೆದಾಡಿದರೆ ನೌಕರಿ ಹೋಗುತ್ತದೆ ಅಂತ ಇಬ್ಬರಿಗೂ ಭಯ. ಸಣ್ಣ ತಮ್ಮನಿಗೆ ಹಿತ್ತಾಳೆ ತಾಟು ಕೊಟ್ಟು ಗಂಟೆ ಬಾರಿಸಲು ಹಚ್ಚಿದ. ಚಿಗವ್ವನ ಸಣ್ಣ ಮಗ ಬೆಲ್ಲ ಕದಿಯುವುದರಲ್ಲಿ ನಿಸ್ಸೀಮ. ಅವನನ್ನು ಬೆಲ್ಲದ ಗಡಿಗೆಯ ಕಾವಲಿಗೆ ಹಾಕಿದ. ಅವತ್ತಿನಿಂದ ಬೆಲ್ಲ ಕಡಿಮೆ ಆಗುವುದು ನಿಂತಿತು. ಶೇಂಗಾ ಕಡಿಮೆ ಆಗತೊಡಗಿತು. ಶೇಂಗಾದ ಕಾವಲು ಅಣ್ಣನದು.

ಚಿಗವ್ವನ ದೊಡ್ಡ ಮಗಳಿಗೆ ಅಳುವುದೇ ಉದ್ಯೋಗ. ಅಣ್ಣ ಅದನ್ನೇ ಕಾಯಂ ಮಾಡಿದ. ಇನ್ನು ಮೇಲೆ ಆಕೆ ಹೊತ್ತಿಲ್ಲದ ಹೊತ್ತಿನಲ್ಲಿ ಅಳುವಂತಿಲ್ಲ. ದಿನಾ ರೊಟ್ಟಿ ಬಡಿದು ಮುಗಿದ ಮೇಲೆ, ಎಲ್ಲರ ಮುಂದೆ, ಒಂದು ಸಲ, ಮನೆಯವರೆಲ್ಲರ ಪರವಾಗಿ ಅಳಬೇಕು. ಮೊದಲ ದಿನ ನಾವೆಲ್ಲ ಸುತ್ತ ಕೂತು ಕಾದೆವು. ಆಕೆಗೆ ಅಳು ಬರಲಿಲ್ಲ. ಆಯಿ, ಅಂದರೆ ನಮ್ಮ ಅಜ್ಜಿ, ಒಂದು ಉಳ್ಳಾಗಡ್ಡಿ ತಂದುಕೊಟ್ಟಳು. ಆದರೂ ಬರಲಿಲ್ಲ. ನೌಕರಿ ಹೋಗುತ್ತದಲ್ಲ ಅನ್ನುವ ಚಿಂತೆಗೆ ಕಡೆಗೆ ಆಕೆ ಖರೇನೇ ಅತ್ತಳು. ನಾವು ಚಪ್ಪಾಳೆ ತಟ್ಟಿದೆವು.

ರೈಲಿನ ಸುದ್ದಿ ಹೇಳದಿದ್ದರೆ ಅಣ್ಣನ ಸುದ್ದಿ ಹೇಳಿದಂತೆಯೇ ಅಲ್ಲ. ಅಡಿಗೆಮನೆ ಹುಬ್ಬಳ್ಳಿ. ಪಡಸಾಲೆ ಧಾರವಾಡ. ಹಿತ್ತಲು ಲೋಂಡಾ. ಪಡಸಾಲೆಯಿಂದ ಹಿತ್ತಲಿಗೆ ಹೋಗುವ ದಾರಿಯಲ್ಲಿ ಕಾಳಿನ ಕೋಣೆ, ಕಿಟಕಿ ಇಲ್ಲದ್ದು. ಅದು ಬೋಗದಾ, ಗುಡ್ಡ ಕೊರೆದು ಮಾಡಿದ ಕತ್ತಲ ದಾರಿ. ಬೋಗದಾ ಬಂದಾಗ ಎಲ್ಲರೂ ಕೂಗಬೇಕು. ಒಬ್ಬರ ಅಂಗಿ ಒಬ್ಬರು ಹಿಡಿದು ಓಡುವ ಗಾಡಿ, ಹುಣಸೀಬೀಜದ ತಿಕೀಟು. ಎಲ್ಲರ ಹಿಂದೆ ಗಾರ್ಡು ನೀಲಿ, ಕೈಯಲ್ಲಿ ಕೆಂಪು ಕುಬಸದ ಚೂರು. ಆಕೆಯ ಬಾಯಲ್ಲಿ ಇಡೀ ದಿನ ಒಂದೇ ಮಾತು: "ಗಾಡಿ ಯಾವಾಗ ಬಿಡತೈತಿ?"

ಆಯಿ ಒಂದು ದಿನ ತಿಕೀಟಿಲ್ಲದೆ ಬಚ್ಚಲಿಗೆ ಹೊರಟಿದ್ದಳು. ಧಾರವಾಡದಲ್ಲಿ ಹಿಡಿದರು. ನನ್ನ ಮನೆಯೊಳಗೆ ನನಗೇ ತಿಕೀಟೇನೋ ಅಂತ ಆಕೆ ಜಗಳ ತೆಗೆದಳು. ಅಣ್ಣ ಕಾಯ್ದೆ ಅಂದರೆ ಕಾಯ್ದೆ ಅಂದ. ದಂಡವಾಗಿ ಒಂದು ಕಥೆ ಹೇಳಿಸಿಕೊಂಡು ಬಿಟ್ಟರು. ಮರುದಿನ ಮುಂಜಾನೆ ಆಯಿ ತಾನಾಗಿಯೇ ಬಂದು ಮಾಸ್ತರನ ಮುಂದೆ ಕೈ ಚಾಚಿದಳು. "ನಂಗ ತಿಂಗಳ ಪಾಸ ಕೊಟ್ಟುಬಿಡೋ. ಈ ವಯಸ್ಸಿಗೆ ನಾ ದಿನಾ ನಾಕ ಸಲ ಹೋಗಾಕಿ."

ಅಪ್ಪನನ್ನೂ ಬಿಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದರೆ ಹೊಸ್ತಿಲಿಗೆ ಅಡ್ಡ ಒನಕೆ. ಗಾಡಿ ದಾಟುವ ತನಕ ಗೇಟು ತೆಗೆಯುವಂತಿಲ್ಲ. ಇಷ್ಟು ದೊಡ್ಡ ಮಗ ಇಂಜಿನ್ ಆಗಿ ಮನೆಯೊಳಗೆ ಓಡುತ್ತಾನೆ, ಅಂಗಡಿಗೆ ಬಾ ಅಂದರೆ ಕಲ್ಲಿದ್ದಲಿ ಮುಗಿದದ ಅನ್ನುತ್ತಾನೆ ಅಂತ ಅಪ್ಪ ಬಾಗಿಲಲ್ಲಿ ನಿಂತು ಒದರಿದ. ಒದರುತ್ತಾ ಕೊಡೆ ಮಡಚಿದ, ಚಪ್ಪಲಿ ಬಿಟ್ಟ, ಬೆವರು ಒರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಮಾಸ್ತರನನ್ನು ಕೇಳಿದ, "ಇನ್ನ ಎಷ್ಟ ತಡಾ ಐತಿ?"

ಅಣ್ಣನ ರೈಲಿಗೆ ವೇಳೆ ಅಂತ ಇರಲಿಲ್ಲ. ಊಟಕ್ಕೆ ಕೂತಾಗ ಎಬ್ಬಿಸಿ ಗಾಡಿ ಬಿಡುತ್ತಿದ್ದ, ಮಲಗಿದವರನ್ನು ಎಳೆದು ಬಿಡುತ್ತಿದ್ದ. ತಾಟು ಬಡಿ, ಸೀಟಿ ಊದು, ಕೂಗ್ರಿ, ಇನ್ನೂ ಜೋರಾಗಿ ಕೂಗ್ರಿ ಅನ್ನುತ್ತಿದ್ದ. ಮೊದಲಿಗೆ ದಿನಕ್ಕೆ ಎರಡು ಗಾಡಿ ಇದ್ದವು. ಎರಡನೆಯ ವಾರ ಐದಾರು ಆದವು. ಮೂರನೆಯ ವಾರ ಲೆಕ್ಕ ತಪ್ಪಿತು, ಓಡಿ ಓಡಿ ನಮ್ಮ ಕಾಲು ಸೋತವು. ಇಷ್ಟು ಗಾಡಿ ಯಾಕೋ ಅಂತ ಒಮ್ಮೆ ಅವ್ವ ಕೇಳಿದಳು. ಅಣ್ಣ ಬೀದಿಯ ಬಾಗಿಲ ಕಡೆಗೆ ನೋಡಿದ. ಅವ್ವ ಮತ್ತೆ ಕೇಳಲಿಲ್ಲ. ನಮ್ಮ ಓಣಿ ಸುಡುಗಾಡಿಗೆ ಹೋಗುವ ದಾರಿ. ಹೊರಗೆ ತಾಳದ ಸದ್ದು ಬಂದಾಗಲೆಲ್ಲ ಒಳಗೆ ಗಾಡಿ ಹೊರಡುತ್ತಿತ್ತು. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇನ್ನು ನನ್ನ ನೌಕರಿ.

ಆ ಕಾಲದಲ್ಲಿ ಪ್ಲೇಗು ಮೊದಲು ಬರುವುದು ಇಲಿಗೆ. ಮನೆಯಲ್ಲಿ ಒಂದು ಇಲಿ ಸತ್ತುಬಿದ್ದರೆ ಸಾಕು, ಅವತ್ತೇ ಒಲೆ ಆರಿಸಿ, ಕೀಲಿ ಹಾಕಿ, ಹೊಲಕ್ಕೆ ಹೋಗಿ ಗುಡಿಸಲಲ್ಲಿ ಇರಬೇಕು. ಎಲ್ಲರಿಗೂ ಗೊತ್ತಿದ್ದ ನೇಮ. ಗೋಪನಕೊಪ್ಪದ ಹತ್ತಿರ ನಮ್ಮ ಹೊಲದಲ್ಲಿ ಕಾಕಾ ಆಗಲೇ ಎರಡು ಗುಡಿಸಲು ಹಾಕಿಸಿದ್ದ. ಆದರೆ ಇಲಿ ಬೀಳದೆ ಅಂಗಡಿ ಬಿಟ್ಟು ಹೋಗಲು ಅಪ್ಪನಿಗೆ ಮನಸ್ಸಿಲ್ಲ. ಪ್ಲೇಗಿನ ಸೂಜಿ ಹಾಕಿಸಿಕೊಳ್ಳಲೂ ಇವತ್ತು ನಾಳೆ ಅನ್ನುತ್ತಿದ್ದ. ಹಾಗಾಗಿ ದಿನಾ ನಸುಕಿಗೆ ಎದ್ದು ಮನೆಯ ಮೂಲೆ ಮೂಲೆ ನೋಡುವವರೊಬ್ಬರು ಬೇಕಾಗಿತ್ತು.

ದೊಡ್ಡವರು ದೀಪ ಹಿಡಿದು ಮೂಲೆ ನೋಡಿದರೆ ಕೂಸುಗಳು ಅಂಜುತ್ತವೆ ಅಂತ ಅಣ್ಣ ಅದನ್ನೂ ಆಟ ಮಾಡಿದ. ನನ್ನನ್ನು ಇಲಿ ಫೌಜದಾರ ಮಾಡಿದ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬಿಲ್ಲೆ ಮಾಡಿ, ಕೆಂಪು ದಾರ ಪೋಣಿಸಿ ನನ್ನ ಕೊರಳಿಗೆ ಹಾಕಿದ. ದಿನಾ ನಸುಕಿನಲ್ಲಿ ನಾನು ಅಡಿಗೆಮನೆ, ಬಚ್ಚಲು, ಕಾಳಿನ ಕೋಣೆ ಎಲ್ಲ ನೋಡಿ ಬಂದು ಅವನ ಹಾಸಿಗೆಯ ಮುಂದೆ ಸಲಾಮು ಹೊಡೆಯುವುದು. ಅವನು ಎದ್ದು ಕೂತು, "ಫೌಜದಾರ ಸಾಹೇಬ್ರ, ಏನರ ಐತೇನ್ರಿ?" ಅನ್ನುವುದು. ಏನೂ ಇಲ್ಲ ಅಂತ ನಾನು ಹೇಳುವುದು. ಇದ್ದರೆ "ಐತಿ" ಅನ್ನಬೇಕು, ಬೇರೆ ಏನೂ ಮಾತಾಡದೆ ಹೊರಗೆ ಹೋಗಿ ನಿಲ್ಲಬೇಕು. ಬಿದ್ದ ಇಲಿಯನ್ನು ಮುಟ್ಟಬಾರದು, ಅದರ ಹತ್ತಿರ ಯಾರನ್ನೂ ಬಿಡಬಾರದು. ಇದೊಂದನ್ನು ಮಾತ್ರ ಅವನು ನಗದೆ ಹೇಳಿದ್ದ.

ಬಿಲ್ಲೆ ಇದ್ದರೇನು, ನನ್ನ ಕಣ್ಣೆಲ್ಲ ಇಂಜಿನ್ನಿನ ಮೇಲೆ. ಹೆಣ್ಣುಹುಡುಗಿ ಇಂಜಿನ್ ನಡೆಸಿದರೆ ಗಾಡಿ ಅಡಿಗೆಮನೆಯಲ್ಲೇ ನಿಂತುಬಿಡುತ್ತದೆ ಅಂತ ಡ್ರೈವರ್ ಆಗಿದ್ದ ದೊಡ್ಡ ತಮ್ಮ ಹಂಗಿಸುತ್ತಿದ್ದ. ಮೂರು ವಾರ ಅಣ್ಣನ ಬೆನ್ನು ಹತ್ತಿದೆ. ಕಡೆಗೆ ಅವನು ಬರುವ ಸೋಮವಾರ ಇಂಜಿನ್ ನನ್ನದು ಅಂದ. ತಮ್ಮ ಒಂದು ಹೊತ್ತು ಊಟ ಬಿಟ್ಟ. ನನಗೆ ಅದು ಇನ್ನೂ ರುಚಿಯಾಯಿತು.

ಸೋಮವಾರ ನಸುಕಿನಲ್ಲಿ ಕಾಳಿನ ಕೋಣೆಗೆ ಹೋದೆ. ಜೋಳದ ಚೀಲದ ಬುಡಕ್ಕೆ ಒಂದು ಇಲಿ ಬಿದ್ದಿತ್ತು. ಬಾಯಿ ತೆರೆದಿತ್ತು.

ನಾನು ಅಂಜಲಿಲ್ಲ. ಅಂಜಿದ್ದರೆ ಕೂಗುತ್ತಿದ್ದೆ, ಕೂಗಿದ್ದರೆ ನೀಲಿ ಇವತ್ತು ನಾಲ್ಕು ಮಕ್ಕಳ ತಾಯಿ ಆಗಿರುತ್ತಿದ್ದಳು. ನನಗೆ ಸಿಟ್ಟು ಬಂತು. ಇವತ್ತೇ ಬೀಳಬೇಕಿತ್ತೇನು ಅಂತ ಆ ಇಲಿಯ ಮೇಲೆ ಸಿಟ್ಟು. ಈಗ ಹೇಳಿದರೆ ಮಧ್ಯಾಹ್ನದೊಳಗೆ ಚಕ್ಕಡಿ ಹೂಡುತ್ತಾರೆ, ಹೊಲದಲ್ಲಿ ಧಾರವಾಡ ಎಲ್ಲಿ, ಬೋಗದಾ ಎಲ್ಲಿ? ಸಂಜೆಗೆ ಹೇಳಿದರಾಯಿತು ಅಂದುಕೊಂಡೆ. ಮೂಲೆಯಲ್ಲಿದ್ದ ಕಾಳಿನ ಬುಟ್ಟಿಯನ್ನು ತಂದು ಅದರ ಮೇಲೆ ಡಬ್ಬು ಹಾಕಿದೆ. ಮುಟ್ಟಲಿಲ್ಲ. ಮುಟ್ಟಬಾರದು ಅಂತ ಅಣ್ಣ ಹೇಳಿದ್ದನಲ್ಲ, ಆ ಮಾತು ನಡೆಸಿದೆ!

ಹೋಗಿ ಸಲಾಮು ಹೊಡೆದೆ. ಅವನು ಕಣ್ಣುಜ್ಜಿಕೊಳ್ಳುತ್ತಾ ಕೇಳಿದ. "ಇಲ್ಲರಿ ಸಾಹೇಬ್ರ" ಅಂದೆ. ಹಂಗಾರ ಇಂಜಿನ್ನಿಗೆ ನೀರು ಕುಡಿಸ್ರಿ ಅಂತ ಹೇಳಿ ನನ್ನ ಜಡೆ ಎಳೆದ.

ಅವತ್ತು ಹನ್ನೊಂದು ಸಲ ಗಾಡಿ ಬಿಟ್ಟೆ. ಎಲ್ಲಿಯೂ ನಿಲ್ಲಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ ಬೋಗದಾದಲ್ಲಿ ಹಿಂದೆ ತಿರುಗಿ ನೋಡಿದರೆ ಗಾರ್ಡು ಗಾಡಿ ಬಿಟ್ಟು ಕೂತಿದ್ದಳು. ದಣಿದಿದ್ದಳೇನೋ. ಕತ್ತಲಲ್ಲಿ ಮೊದಲು ಕೆಂಪು ಚೂರು ಕಂಡಿತು, ಆಮೇಲೆ ಆಕೆ. ಡಬ್ಬು ಹಾಕಿದ ಬುಟ್ಟಿಯ ಮೇಲೆ, ಕಾಲು ಇಳಿಬಿಟ್ಟುಕೊಂಡು, ಗಾಡಿಯ ಕಡೆಯ ಗಾರ್ಡಿನ ಡಬ್ಬಿ ಇದೇ ಅನ್ನುವ ಹಾಗೆ ಕೂತಿದ್ದಳು. ನಾನು ನೋಡಿದೆ. ನೋಡಿದೆ, ಸೀಟಿ ಊದಿದೆ, ಮುಂದೆ ಓಡಿದೆ. ಅಲ್ಲಿಂದ ಆಮೇಲೆ ಪ್ರತಿ ಸಲವೂ ಆಕೆ ಅಲ್ಲೇ ಕೂತಳು.

ಸಂಜೆ ಹೇಳಲಿಲ್ಲ. ಮರುದಿನ ನಸುಕಿಗೆ ಇನ್ನೂ ಮೂರು ಬಿದ್ದಿದ್ದವು. ಆಗ "ಐತಿ" ಅಂದೆ. ಮಧ್ಯಾಹ್ನಕ್ಕೆ ಹೊಲದಲ್ಲಿದ್ದೆವು.

ಮೂರನೆಯ ದಿನ ನೀಲಿಗೆ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಆಕೆಯನ್ನೂ ಚಿಗವ್ವನನ್ನೂ ದೂರದ ಗುಡಿಸಲಿಗೆ ಹಾಕಿದರು. ಉಳಿದವರು ಅತ್ತ ಹಾಯುವಂತಿಲ್ಲ. ಅಣ್ಣ ಮಾತ್ರ ಹತ್ತು ಮಾರು ದೂರದಲ್ಲಿ ಬೇಲಿಗೆ ಆತು ಕೂತ. ಒಳಗಿನಿಂದ ನೀಲಿಯ ಸಣ್ಣ ದನಿ ಬರುತ್ತಿತ್ತು, ಗಾಡಿ ಎಲ್ಲಿ ಬಂತು ಅಂತ. ಅಣ್ಣ ಸೀಟಿ ಹಾಕಿ ಕೂಗಿ ಹೇಳುತ್ತಿದ್ದ. ಉಣಕಲ್ಲು ಬಂತವ್ವಾ. ನವಲೂರು ಬಂತವ್ವಾ. ಧಾರವಾಡದಲ್ಲಿ ನೀರು ಹಿಡಿತಾರ, ಜರಾ ನಿಲ್ಲತೈತಿ. ಜ್ವರದ ಎರಡನೆಯ ದಿನ ಲೋಂಡಾ ದಾಟಿತು. ಮೂರನೆಯ ದಿನ ಮಧ್ಯಾಹ್ನದ ಮೇಲೆ ಒಳಗಿನಿಂದ ಯಾರೂ ಕೇಳಲಿಲ್ಲ. ಅಣ್ಣ ತನಗೆ ಗೊತ್ತಿದ್ದ ಸ್ಟೇಷನ್ನುಗಳೆಲ್ಲ ಮುಗಿದ ಮೇಲೂ ಹೊಸ ಹೆಸರು ಹುಟ್ಟಿಸಿ ಹುಟ್ಟಿಸಿ ಕೂಗುತ್ತಿದ್ದ. ಕಾಕಾ ಬಂದು ಅವನ ಬಾಯಿಯ ಮೇಲೆ ಕೈ ಇಟ್ಟ.

ಮಣ್ಣು ಕೊಟ್ಟು ಬಂದ ಮೇಲೆ ಕಾಕಾ ಕೇಳಿದ, ಆ ಸೋಮವಾರ ಮುಂಜಾನೆ ಕಾಳಿನ ಕೋಣೆ ನೋಡಿದವರು ಯಾರು ಅಂತ. ನನ್ನ ಕೊರಳಲ್ಲಿ ಬಿಲ್ಲೆ ಇರಲಿಲ್ಲ. ಹಿಂದಿನ ದಿನವೇ ಅಣ್ಣ ಬಂದು ಬಿಚ್ಚಿಕೊಂಡು ಹೋಗಿದ್ದ.

"ಅವತ್ತ ಆಕಿಗೆ ಇಂಜಿನ್ ಕೊಟ್ಟಿದ್ದೆ, ಕೋಣಿ ನಾ ನೋಡಿದ್ದೆ ಕಾಕಾ" ಅಂದ ಅಣ್ಣ. "ನನ್ನ ಕಣ್ಣಿಗೆ ಬೀಳಲಿಲ್ಲ."

ಚಿಗವ್ವ ಅಳಲಿಲ್ಲ. ಇನ್ನು ಮೇಲೆ ನನ್ನ ಮಕ್ಕಳನ್ನ ಮುಟ್ಟಬ್ಯಾಡ ಅಂದಳು, ಅಷ್ಟೇ. ನಾನು ಅವ್ವನ ಸೀರೆಯ ಸೆರಗು ಹಿಡಿದು ನಿಂತಿದ್ದೆ. ಹತ್ತು ವರ್ಷದ ಹುಡುಗಿಯ ಕಣ್ಣು ತಪ್ಪಿತು, ಆ ಕೆಲಸ ಆಕೆಗೆ ಕೊಟ್ಟದ್ದೇ ತನ್ನ ತಪ್ಪು ಅಂತ ಅವನು ತಿಳಿದಿದ್ದ. ಕಣ್ಣು ತಪ್ಪಿರಲಿಲ್ಲ ಅನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು.

ಅಲ್ಲಿಂದ ಮನೆಯಲ್ಲಿ ಅದೊಂದು ಪದ್ಧತಿಯೇ ಆಯಿತು. ಯಾರಿಗೆ ಕೂಸು ಹುಟ್ಟಿದರೂ ಅಣ್ಣನ ಕೈಗೆ ಕೊಡುವುದಿಲ್ಲ. ಮೊದಮೊದಲು ಸಿಟ್ಟಿಗೆ, ಆಮೇಲೆ ರೂಢಿಗೆ. ಅವನೂ ಕೇಳುತ್ತಿರಲಿಲ್ಲ. ಅಪ್ಪ ಕರೆಯದೆಯೇ ಅಂಗಡಿಗೆ ಹೋದ, ಕಾಳು ಅಳೆಯಲು ಕೂತ. ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದ. ಮನೆಯಲ್ಲಿ ಕೂಸುಗಳಿದ್ದಾಗ ಪಡಸಾಲೆ ದಾಟಿ ಒಳಗೆ ಬರುತ್ತಿರಲಿಲ್ಲ.

ಮತ್ತೆ ನಾನು? ನನ್ನ ಧೈರ್ಯದ ಕಥೆಯನ್ನೂ ಕೇಳ್ರಿ. ಮದುವೆ ಆಗಲಿ, ಹೇಳುತ್ತೇನೆ ಅಂದುಕೊಂಡೆ. ಮದುವೆ ಆಯಿತು, ಧಾರವಾಡಕ್ಕೆ ಹೋದೆ. ಬಾಣಂತನ ಒಂದಾಗಲಿ ಅಂದೆ. ಮೂರಾದವು. ಪತ್ರ ಬರೆಯಲು ಕೂತರೆ, ನನ್ನ ಅಕ್ಷರ ನೋಡಿ ಅಣ್ಣ ನಗುತ್ತಾನೆ ಅನ್ನುವ ನೆಪ. ತವರಿಗೆ ಹೋಗುವಾಗೆಲ್ಲ ಗಾಡಿಯಲ್ಲಿ ಕೂತು ಮಾತು ಜೋಡಿಸುತ್ತಿದ್ದೆ. ನವಲೂರಿನ ತನಕ ಎದೆ ಗಟ್ಟಿ ಇರುತ್ತಿತ್ತು. ಉಣಕಲ್ಲಿಗೆ ಅರ್ಧ ಆಗುತ್ತಿತ್ತು. ಹುಬ್ಬಳ್ಳಿಯಲ್ಲಿ ಇಳಿದಾಗ ಕೈಯಲ್ಲಿ ಪೇಢೆಯ ಪೊಟ್ಟಣ ಒಂದೇ ಉಳಿದಿರುತ್ತಿತ್ತು. ಅದನ್ನು ಅಣ್ಣನಿಗೆ ಕೊಡುತ್ತಿದ್ದೆ. ಅವನು ಒಂದು ತಿಂದು, ಉಳಿದದ್ದು ಮಕ್ಕಳಿಗೆ ಕೊಡವಾ ಅನ್ನುತ್ತಿದ್ದ.

ಈ ವರ್ಷ ತವರಿಗೆ ಬಂದಾಗ ನನ್ನ ಮೂರೂ ಮಕ್ಕಳಿಗೆ ದಡಾರ ಎದ್ದಿತು. ಗಾಳಿಗೆ ಬಿಡಬಾರದು, ಹದಿನೈದು ದಿನ ಮನೆಯೊಳಗೇ. ಯುದ್ಧದ ದಿನ, ಚಿಮಣಿ ಎಣ್ಣೆಗೂ ರೇಷನ್ನು, ಸಂಜೆಯಾದರೆ ಕತ್ತಲು. ಕಾಯಿಲೆ ಇಳಿದ ಮೇಲೆ ಮೈಗೆ ಶಕ್ತಿ ಬಂತು, ಮೂವರೂ ಮನೆ ಕಿತ್ತಿಟ್ಟರು. ಅವ್ವನಿಗೂ ಚಿಗವ್ವನಿಗೂ ವಯಸ್ಸಾಗಿದೆ. ನನ್ನ ಗಂಟಲು ಬಿದ್ದುಹೋಯಿತು.

ಆ ದಿನ ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿದ್ದೆ. ಅಳುತ್ತಿದ್ದ ಮಕ್ಕಳ ದನಿ ಒಮ್ಮೆಲೆ ನಿಂತಿತು. ಪಡಸಾಲೆಯ ಕಡೆಯಿಂದ ಸಣ್ಣಗೆ, ಹಲ್ಲಿನ ನಡುವೆ, ಒಂದು ಸೀಟಿ. ಇಪ್ಪತ್ತು ವರ್ಷದ ಮೇಲೆ ಕೇಳಿದರೂ ನನ್ನ ಕಾಲು ತಾವೇ ಎದ್ದವು. ಹೋಗಿ ನೋಡಿದರೆ ಊಟಕ್ಕೆ ಬಂದಿದ್ದ ಅಣ್ಣ ಬಾಗಿಲ ಆಚೆ ನೆಲದ ಮೇಲೆ ಕೂತಿದ್ದಾನೆ. ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಸಣ್ಣ ಮಗಳು ಹೊಸ್ತಿಲ ಈಚೆ ನಿಂತಿದ್ದಾಳೆ. ಇಬ್ಬರ ನಡುವೆ ಹೊಸ್ತಿಲ ಮೇಲೆ ಮೂರು ಹುಣಸೀಬೀಜ. ಅವನು ಹೊಸ್ತಿಲು ದಾಟಿಲ್ಲ, ಕೂಸನ್ನು ಮುಟ್ಟಿಲ್ಲ.

ನನ್ನ ಹಿಂದೆಯೇ ಬಂದ ಚಿಗವ್ವ ಕೂಸಿನ ರಟ್ಟೆ ಹಿಡಿದು ಎಳೆದಳು. "ಅವನ ಹಂತೇಕ ಹೋಗಬ್ಯಾಡ ಅಂತ ಹೇಳಿಲ್ಲೇನ?" ಅಂದಳು. ಅಣ್ಣ ತಪ್ಪು ಮಾಡಿ ಸಿಕ್ಕವನ ಹಾಗೆ ಹುಣಸೀಬೀಜ ಒಂದೊಂದೇ ಆರಿಸಿಕೊಳ್ಳತೊಡಗಿದ.

"ಚಿಗವ್ವಾ, ಆ ಸೋಮವಾರ ಕೋಣಿ ನೋಡಿದಾಕಿ ನಾನು" ಅಂದೆ. "ಇಲಿ ಬಿದ್ದಿತ್ತು. ನಾ ನೋಡೇನಿ. ಬುಟ್ಟಿ ಡಬ್ಬು ಹಾಕಿ, ಅಣ್ಣಗ ಇಲ್ಲಂತ ಹೇಳೇನಿ. ಇಂಜಿನ್ ನಡಸೂ ಆಶಾಕ್ಕ."

ಚಿಗವ್ವ ನನ್ನ ಕಡೆ ತಿರುಗಿದಳು. ಆಕೆಗೆ ಕಿವಿ ಮಂದ, ಕೇಳಲಿಲ್ಲವೇನೋ ಅಂದುಕೊಂಡೆ. ಕೇಳಿತ್ತು.

"ನೀಲಿ ಕುಂತಿದ್ದಳಲ್ಲ," ಅಂದಳು, "ಆ ಬುಟ್ಟೀನ?"

ಅದನ್ನು ಆಕೆಗೆ ಯಾರು ಹೇಳಿದ್ದರೋ. ನೀಲಿಯೇ ಹೇಳಿರಬೇಕು, ಗುಡಿಸಲಿನಲ್ಲಿ, ನನಗೆ ಕೂಡ್ರಲು ಗಾರ್ಡಿನ ಡಬ್ಬಿ ಇತ್ತು ಅಂತ.

ಹೌದು ಅಂದೆ.

ಚಿಗವ್ವ ಗೋಡೆ ಹಿಡಿದು ಕೂತಳು. ಕೂಸಿನ ರಟ್ಟೆ ಆಕೆಯ ಕೈಯಿಂದ ಜಾರಿತು. ಮನಸ್ಸಿನಿಂದ ಬಿಟ್ಟಳೋ, ಕೈಯ ಬಲ ಹೋಯಿತೋ, ನನಗೆ ಗೊತ್ತಿಲ್ಲ. ನನ್ನ ಮಗಳು ಹೊಸ್ತಿಲು ದಾಟಿ ಅಣ್ಣನ ಹತ್ತಿರ ಹೋಗಿ ನಿಂತಳು. ಅವನು ಎರಡೂ ಕೈ ಹಿಂದಕ್ಕೆ ಸರಿಸಿಕೊಂಡ, ಸುಟ್ಟೀತು ಅನ್ನುವ ಹಾಗೆ.

ಆಮೇಲೆ ನನ್ನ ಕಡೆ ನೋಡದೆ ಅಂದ, "ಹತ್ತ ವರ್ಷದ ಕೂಸಿಗೆ ಆ ಕೆಲಸ ಹಚ್ಚಿದಾಂವ ನಾನವಾ. ನೀ ಕೂಸಿದ್ದಿ."

"ಆವತ್ತ ಕೂಸಿದ್ದೆ ಅಣ್ಣಾ. ಇಪ್ಪತ್ತ ವರ್ಷ ಬಾಯಿ ಮುಚ್ಚಿಕೊಂಡ ಕುಂತಾಗ ಕೂಸಿರಲಿಲ್ಲ."

ನಾನು ಅವನ ಮುಂದೆ ಹೋಗಿ ನಿಂತೆ. ಸಲಾಮು ಹೊಡೆಯಲು ಕೈ ಏಳಲಿಲ್ಲ, ಅವನ ಕಾಲ ಹತ್ತಿರ ಕೂತೆ. ಉಣಕಲ್ಲಿನಲ್ಲಿ ಪ್ರತಿ ಸಲ ಬಿದ್ದುಹೋಗುತ್ತಿದ್ದ ಮಾತು ಅಷ್ಟು ಹೊತ್ತಿಗೆ ಬಾಯಿಗೆ ಬಂತು.

"ಐತಿ ಅಣ್ಣಾ. ಕಾಳಿನ ಕೋಣ್ಯಾಗ ಇಲಿ ಐತಿ. ಹೇಳಾಕ ತಡಾ ಮಾಡಿದೆ. ನಿಂದೇನೂ ತಪ್ಪಿಲ್ಲ, ತಪ್ಪೆಲ್ಲಾ ನಂದು. ಹೊಟ್ಯಾಗ ಹಾಕ್ಕೋ."